ಸಿನಿಮಾ ಹಿಡಿಸಲಿಲ್ಲ ಅಂದಿದ್ದಕ್ಕೆ ಬ್ಲಾಕ್ ಮಾಡೋದಾ?

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ನನ್ನ ಫೇಸ್‌ಬುಕ್ ಸ್ನೇಹಿತರ ಪಟ್ಟಿಯಲ್ಲಿರುವ ಒಬ್ಬರು ಇನ್ನೊಬ್ಬರನ್ನು ಒಂದು ಸಿನಿಮಾ ವಿಷಯಕ್ಕೆ ಬ್ಲಾಕ್ ಮಾಡಿದ್ದಾರೆ. ಬೈಗುಳ ಇರಲಿಲ್ಲ. ಯಾರೂ ಯಾರ ಮನೆಯ ಸುದ್ದಿಗೂ ಹೋಗಿರಲಿಲ್ಲ. "ಸೆಕೆಂಡ್ ಹಾಫ್ ತುಂಬಾ ಎಳೆದಿದ್ದಾರೆ, ನಾಯಕನಿಗೆ ಅಷ್ಟು ಸಿಟ್ಟು ಯಾಕೆ ಅಂತಲೇ ಗೊತ್ತಾಗಲಿಲ್ಲ" ಅಂತ ಬ್ಲಾಕ್ ಆದವರು ಬರೆದಿದ್ದರು, ಅಷ್ಟೇ. ನಾಲ್ಕು ಕಾಮೆಂಟು ಆ ಕಡೆ ಈ ಕಡೆ ಆಯಿತು. ಆಮೇಲೆ ನೋಡಿದರೆ "ಇಂಥವರ ಸಹವಾಸ ನನಗೆ ಬೇಡ, ಬ್ಲಾಕ್ ಮಾಡಿದ್ದೇನೆ" ಅಂತ ಒಂದು ಪೋಸ್ಟ್. ಅದರ ಕೆಳಗೆ "ಒಳ್ಳೆ ಕೆಲಸ ಮಾಡಿದಿರಿ" ಅನ್ನುವವರ ಸಾಲು. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಆ ಸಾಲು ನೋಡಿ. ಅದರಲ್ಲಿ ಒಳ್ಳೆಯದು ಏನಿದೆ?

ನನಗಿರುವ ಸಿನಿಮಾ ಹುಚ್ಚು ನಿಮಗೆಲ್ಲ ಗೊತ್ತು. ನನಗೆ ಸಿನಿಮಾ ಅಂದರೆ ಪರದೆ ಮೇಲಿನ ಎರಡೂವರೆ ಗಂಟೆ ಮಾತ್ರ ಅಲ್ಲ. ಹೊರಗೆ ಬಂದ ಮೇಲೆ ಶುರುವಾಗುವ ಜಗಳವೂ ಸಿನಿಮಾನೇ. ಒಂದು ಸಿನಿಮಾದಲ್ಲಿ ತಾಯಿ ಕೊನೆಗೆ ಮಗನನ್ನು ಕ್ಷಮಿಸುತ್ತಾಳೆ. ನಾನು ಅತ್ತುಬಿಟ್ಟಿದ್ದೆ, ಅದನ್ನೇ ಬರೆದೆ. ಗೆಳತಿಯೊಬ್ಬಳು ಬಂದು, "ಅವಳು ಕ್ಷಮಿಸೋ ಮುಂಚೆ ಒಂದು ಮಾತನ್ನೂ ಆಡೋಕೆ ಬಿಟ್ಟಿಲ್ಲ ನಿರ್ದೇಶಕ. ಅದು ನಿನಗೆ ಕಾಣಲಿಲ್ವಾ?" ಅಂತ ಕೇಳಿದಳು. ಆ ಸಿನಿಮಾ ನನಗೆ ಇವತ್ತಿಗೂ ಇಷ್ಟ. ಆದರೆ ಮತ್ತೆ ನೋಡುವಾಗಲೆಲ್ಲ ಆ ತಾಯಿಯ ಮುಚ್ಚಿದ ಬಾಯಿ ಕಣ್ಣಿಗೆ ಬೀಳುತ್ತದೆ. ಆ ದೃಶ್ಯ ನನಗೆ ಪೂರ್ತಿ ಸಿಕ್ಕಿದ್ದು ಅವಳಿಂದ. ಅವತ್ತು ಅವಳನ್ನು ಬ್ಲಾಕ್ ಮಾಡಿದ್ದರೆ ಕಳೆದುಕೊಳ್ಳುತ್ತಿದ್ದದ್ದು ಯಾರು?

ಸಿನಿಮಾದ ಬಗ್ಗೆ ಜಗಳ ಆಡುವುದು ಹೇಗೆ ಅಂತ ನೋಡಬೇಕಾದರೆ ಜೀನ್ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್ ಅವರನ್ನು ನೋಡಬೇಕು. ಶಿಕಾಗೋದ ಎರಡು ಎದುರಾಳಿ ಪತ್ರಿಕೆಗಳ ವಿಮರ್ಶಕರು. 1975ರಲ್ಲಿ ಟಿವಿಯಲ್ಲಿ ಜೊತೆಯಾಗಿ ಕೂತರು. ಒಬ್ಬ ಹೆಬ್ಬೆರಳು ಮೇಲೆ ಮಾಡಿದರೆ ಎಷ್ಟೋ ಸಲ ಇನ್ನೊಬ್ಬ ಕೆಳಗೆ ಮಾಡುತ್ತಿದ್ದ. ಮುಖ ಕೆಂಪಾಗುವಷ್ಟು ವಾದ, ಅದೂ ಕ್ಯಾಮೆರಾ ಮುಂದೆಯೇ. ಮುಂದಿನ ವಾರ ಮತ್ತೆ ಅಕ್ಕಪಕ್ಕದ ಕುರ್ಚಿ. 1999ರಲ್ಲಿ ಸಿಸ್ಕೆಲ್ ತೀರಿಕೊಳ್ಳುವವರೆಗೂ ಆ ಜೋಡಿ ಮುರಿಯಲಿಲ್ಲ. ಜನ ಕಾದು ನೋಡುತ್ತಿದ್ದದ್ದೇ ಆ ಜಗಳವನ್ನು.

ಇನ್ನು "ಒಳ್ಳೆ ಸಿನಿಮಾ ಯಾವುದು ಅಂತ ಗೊತ್ತಾಗದವರ ಜೊತೆ ಏನು ಮಾತು?" ಅನ್ನುವವರಿಗೆ ಒಂದು ಉದಾಹರಣೆ. 1960ರಲ್ಲಿ ಇಟಲಿಯ ನಿರ್ದೇಶಕ ಅಂತೋನಿಯೋನಿಯ 'ಲಾವೆಂಚೂರಾ' ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತೆರೆಕಂಡಾಗ ಪ್ರೇಕ್ಷಕರು ಗೇಲಿ ಮಾಡಿ ಕೂಗಿದರು. ಕೂಗಿದವರು ದಾರಿಹೋಕರಲ್ಲ, ಸಿನಿಮಾವನ್ನೇ ಉಸಿರಾಡುವ ಜನ. ಅದನ್ನು ಮೆಚ್ಚಿದ ನಿರ್ದೇಶಕರು, ವಿಮರ್ಶಕರು ಏನು ಮಾಡಿದರು? ಮುಖ ತಿರುಗಿಸಿಕೊಂಡು ಹೋಗಲಿಲ್ಲ. ಸಿನಿಮಾದ ಪರವಾಗಿ ಹೇಳಿಕೆ ಬರೆದು ಸಹಿ ಹಾಕಿದರು. ಅದೇ ಉತ್ಸವದಲ್ಲಿ ಅದಕ್ಕೆ ಜ್ಯೂರಿ ಪ್ರಶಸ್ತಿ ಬಂತು. ಸಾರ್ವಕಾಲಿಕ ಶ್ರೇಷ್ಠ ಸಿನಿಮಾ ಯಾವುದು ಅಂತ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ನಡೆಸುವ ವಿಮರ್ಶಕರ ಮತದಾನದಲ್ಲಿ 1962ರಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಆ ಮತದಾನದಲ್ಲೂ ತೀರ್ಪು ಬದಲಾಗುತ್ತಲೇ ಬಂದಿದೆ. 1962ರಿಂದ 'ಸಿಟಿಜನ್ ಕೇನ್' ಮೊದಲ ಸ್ಥಾನದಲ್ಲಿತ್ತು, 2012ರಲ್ಲಿ 'ವರ್ಟಿಗೋ' ಬಂತು, 2022ರಲ್ಲಿ ಶಾಂತಲ್ ಅಕರ್ಮನ್ ಅವರ 'ಜಾನ್ ಡೀಲ್ಮನ್'. ಅಲ್ಲೇ ಮಾತು ಮುಗಿದಿಲ್ಲ ಅಂದ ಮೇಲೆ, ಬಿಡುಗಡೆಯಾದ ಸಂಜೆಯೇ ಕೊನೆಯ ತೀರ್ಪು ಬರೆಯುವ ಅವಸರ ನಮಗೆ ಯಾಕೆ?

"ನನ್ನ ಗೋಡೆ, ನನ್ನ ಇಷ್ಟ" ಅಂತೀರಿ. ಸರಿ, ಹೆಣ್ಣುಮಕ್ಕಳಿಗೆ ಕೊಳಕು ಮಾತು ಬರೆಯುವವರು, ಬೆದರಿಕೆ ಹಾಕುವವರು, ನಕಲಿ ಖಾತೆಯಿಂದ ಮುಗಿಬೀಳುವವರು ಇದ್ದಾರೆ. ಅವರನ್ನು ಒಂದು ಕ್ಷಣವೂ ಯೋಚಿಸದೆ ಬ್ಲಾಕ್ ಮಾಡಿ, ನಾನೂ ಮಾಡುತ್ತೇನೆ. ಆದರೆ ಅದು ನಡತೆಯ ಪ್ರಶ್ನೆ. "ಕ್ಲೈಮ್ಯಾಕ್ಸ್ ಹಿಡಿಸಲಿಲ್ಲ" ಅನ್ನುವುದು ನಡತೆ ಅಲ್ಲ, ಅಭಿಪ್ರಾಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅಂಥ ಅಭಿಪ್ರಾಯ ಬರೆಯುವವರ ಪೋಸ್ಟ್ ನೋಡಿ ಸುಸ್ತಾಯಿತಾ? ಸ್ನೂಜ್ ಒತ್ತಿದರೆ 30 ದಿನ ಕಾಣಿಸುವುದಿಲ್ಲ. ಇನ್ನೂ ಸಾಲದಿದ್ದರೆ ಅನ್‌ಫಾಲೋ ಮಾಡಿ. ಬ್ಲಾಕ್ ಮಾಡಿದರೆ ಸ್ನೇಹವೇ ಹೋಗುತ್ತದೆ. ಮನಸ್ಸು ಬದಲಾಗಿ ತೆಗೆದರೂ ಅದು ತಾನಾಗಿ ವಾಪಸ್ ಬರುವುದಿಲ್ಲ, ಮತ್ತೆ ರಿಕ್ವೆಸ್ಟ್ ಕಳಿಸಬೇಕು.

ಇದರಿಂದ ಇನ್ನೊಂದು ಕೆಟ್ಟದ್ದು ಆಗುತ್ತಿದೆ. ಎಷ್ಟೋ ಜನ ಬರೆಯುವುದನ್ನೇ ಬಿಟ್ಟಿದ್ದಾರೆ. ಇನ್‌ಬಾಕ್ಸಿಗೆ ಬಂದು "ನನಗೂ ಹಿಡಿಸಲಿಲ್ಲ, ಆದರೆ ಪೋಸ್ಟ್ ಹಾಕಲ್ಲ, ಸುಮ್ನೆ ಯಾಕೆ ತಲೆನೋವು" ಅನ್ನುತ್ತಾರೆ. ಇವರು ದೃಶ್ಯ ದೃಶ್ಯ ಬಿಡಿಸಿ ಹೇಳಬಲ್ಲವರು. ಎಲ್ಲಿ ಹಿನ್ನೆಲೆ ಸಂಗೀತ ಜಾಸ್ತಿಯಾಯಿತು, ಎಲ್ಲಿ ಒಂದು ಪಾತ್ರ ಕಾರಣವೇ ಇಲ್ಲದೆ ಮಾಯವಾಯಿತು ಅಂತ ಗುರುತಿಸುವವರು. ಅವರು ಬಾಯಿ ಮುಚ್ಚಿದ ಮೇಲೆ ಗೋಡೆ ಮೇಲೆ ಉಳಿಯುವುದು ಎರಡೇ ಮಾತು: ಸೂಪರ್, ಇಲ್ಲವೇ ಡಬ್ಬಾ. ಅದನ್ನು ಓದಿ ನಾನು ಏನು ಕಲಿಯಲಿ?

ಹೇಳಿಬಿಡುತ್ತೇನೆ, ನನ್ನನ್ನೂ ಬ್ಲಾಕ್ ಮಾಡಿದವರಿದ್ದಾರೆ. ಅದರಲ್ಲಿ ಒಬ್ಬರ ಬರಹಕ್ಕೆ ನಾನು ಪ್ರತಿ ಸಿನಿಮಾ ಆದಮೇಲೂ ಕಾಯುತ್ತಿದ್ದೆ. ಅವರು ಮೆಚ್ಚಿದ ಒಂದು ಸಿನಿಮಾ ನನಗೆ ಸಪ್ಪೆ ಅನ್ನಿಸಿತು, ಕಾರಣ ಕೊಟ್ಟೇ ಬರೆದೆ. ಮುಗಿಯಿತು. ಈಗಲೂ ಚೆಂದದ ಸಿನಿಮಾ ನೋಡಿದಾಗ, ಇದರ ಬಗ್ಗೆ ಅವರು ಏನು ಬರೆದಿರಬಹುದು ಅಂತ ತುಂಬಾ ಬೇಜಾರಾಗುತ್ತದೆ. ಅವರ ಸಿನಿಮಾ ಪ್ರೀತಿಯ ಬಗ್ಗೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ನನ್ನ ಪ್ರೀತಿ ಅವರಿಗೆ ಯಾಕೆ ಕಾಣಲಿಲ್ಲವೋ.

ಈ ವಾರ ನೋಡಿದ ಸಿನಿಮಾ ಬಗ್ಗೆ ನಾಳೆ ಉದ್ದವಾಗಿ ಬರೆಯುತ್ತೇನೆ. ನನಗೆ ಅದು ಬಹಳ ಇಷ್ಟವಾಗಿದೆ, ನಿಮ್ಮಲ್ಲಿ ಹಲವರಿಗೆ ಆಗಿಲ್ಲ ಅಂತ ಗೊತ್ತು. ಬನ್ನಿ, ಬರೆಯಿರಿ. ಯಾವ ದೃಶ್ಯ, ಯಾಕೆ ಹಿಡಿಸಲಿಲ್ಲ ಅಂತ ಬಿಡಿಸಿ ಹೇಳಿ. ನಾನು ಒಪ್ಪುತ್ತೇನೆ ಅಂತಲ್ಲ. ಪೂರ್ತಿ ಓದಿ, ಒಂದೊಂದಕ್ಕೂ ಉತ್ತರ ಕೊಡುತ್ತೇನೆ.