ಇದೇನಲೇ, ಹಾಡೋ ಮಿಲ್ಲೋ?

ನಮ್ಮ ಮನೆಯಲ್ಲಿ ಇದ್ದ ಸಂಗೀತ ವಿಮರ್ಶಕರು ಒಬ್ಬರೇ, ಅಪ್ಪಾಜಿ. ಅವರ ವಿಮರ್ಶೆಯೂ ಒಂದೇ ಸಾಲಿನದು. "ಇದೇನಲೇ, ಹಾಡೋ ಮಿಲ್ಲೋ?"

ಹಾಗೆ ಕೇಳುವ ಹಕ್ಕು ಅವರಿಗಿತ್ತು. ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಅವರು ಫಿಟ್ಟರ್. ನೂಲು ತೆಗೆಯುವ ಮೆಷಿನ್ನುಗಳ ಗಿರಗಿರ ಸದ್ದಿನ ನಡುವೆ ಇಪ್ಪತ್ತಾರು ವರ್ಷ ನಿಂತವರು. ರಾತ್ರಿ ಪಾಳಿ ಮುಗಿಸಿ ಬಂದು, ಎರಡು ರೊಟ್ಟಿ ತಿಂದು, ಟವೆಲ್ ಮುಖದ ಮೇಲೆ ಹಾಕಿಕೊಂಡು ಮಲಗಿದರೆ, ಪಕ್ಕದ ಕೋಣೆಯಲ್ಲಿ ಮಗ ಟೇಪ್ ರೆಕಾರ್ಡರಿನಲ್ಲಿ ಇನ್ನೊಂದು ಮಿಲ್ಲು ಚಾಲೂ ಮಾಡುತ್ತಿದ್ದ. ಯಾರಿಗಾದರೂ ಸಿಟ್ಟು ಬರುತ್ತದೆ ಅಲ್ವಾ?

ಇದು 1992ರ ಮಾತು. ನಾನಾಗ ಇಂಜಿನಿಯರಿಂಗ್ ಓದುತ್ತಿದ್ದೆ. ಹಾಸ್ಟೆಲ್ಲಿನಲ್ಲಿ ಶಿಲ್ಲಾಂಗಿನ ಹುಡುಗನೊಬ್ಬ ಇದ್ದ. ಅವನ ಟ್ರಂಕಿನಲ್ಲಿ ಬಟ್ಟೆಗಿಂತ ಕ್ಯಾಸೆಟ್ಟೇ ಜಾಸ್ತಿ. ಅವನು ಮೊದಲು ಕೊಟ್ಟದ್ದು ಮೆಟಾಲಿಕಾ ಅನ್ನುವ ಹೆವಿ ಮೆಟಲ್ (ಅಬ್ಬರದ ಗಿಟಾರಿನ ರಾಕ್ ಸಂಗೀತ) ತಂಡದ 1991ರ ಕಪ್ಪು ಕವರಿನ ಆಲ್ಬಂ. ಅದು ಹಿಡಿಸಿತು ಅಂತ ಗೊತ್ತಾದ ಮೇಲೆ ಅದೇ ತಂಡದ 1986ರ 'ಮಾಸ್ಟರ್ ಆಫ್ ಪಪೆಟ್ಸ್' ಬಂತು. ಅದರ ಬೆನ್ನಿಗೆ ಅದೇ ವರ್ಷದ ಸ್ಲೇಯರ್ ತಂಡದ 'ರೇನ್ ಇನ್ ಬ್ಲಡ್'. ಇದನ್ನು ಮನೆಗೆ ತಂದು ಹಾಕಿದೆ. ಅರ್ಧ ಗಂಟೆಯೊಳಗೆ ಹತ್ತು ಹಾಡು ಮುಗಿದವು. ತಿರುಗಿಸಿ ಹಾಕಿದರೆ ಮತ್ತೆ ಅವೇ ಹತ್ತು ಹಾಡು! ನನಗೆ ಮೋಸ ಆಯಿತು ಅಂತ ಕ್ಯಾಸೆಟ್ ಹಿಡಿದು ಹಾಸ್ಟೆಲ್ಲಿಗೆ ಓಡಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಲ್ಬಂ ಅಷ್ಟು ಚಿಕ್ಕದು, ಒಂದು ಸೈಡಿನಲ್ಲೇ ಪೂರ್ತಿ ಹಿಡಿಸಿತು, ಹಾಗಾಗಿ ಕಂಪನಿಯವರೇ ಎರಡೂ ಕಡೆ ಅದನ್ನೇ ತುಂಬಿದ್ದರು. ನನ್ನಂಥ ಸೋಮಾರಿಗೆ ಅದು ವರ. ರಿವೈಂಡ್ ಮಾಡುವ ಕೆಲಸವೇ ಇಲ್ಲ. ಮಿಕ್ಕ ಕ್ಯಾಸೆಟ್ಟುಗಳಿಗೆ ರೆನಾಲ್ಡ್ಸ್ ಪೆನ್ನು ತೂರಿಸಿ ತಿರುಗಿಸಿ ತಿರುಗಿಸಿ ಕೈ ನೋವು ಬಂದಿತ್ತು.

ಹೀಗೆ ನಾನು ಈ ಸಂಗೀತದೊಳಗೆ ಹೋದದ್ದು ಹಿಂದುಮುಂದಾಗಿ. ಮದುವೆ ಮನೆಯಲ್ಲಿ ಮೊದಲು ಮೊಮ್ಮಗನ ಪರಿಚಯ ಆಗುತ್ತದೆ. "ನೀನು ಯಾರ ಮಗನಪ್ಪಾ?" ಅಂತ ಕೇಳುತ್ತಾ ಹೋದರೆ ಕೊನೆಗೆ ಮೂಲೆಯಲ್ಲಿ ಎಲೆಅಡಿಕೆ ಹಾಕುತ್ತಾ ಕೂತ ತಾತನ ಹತ್ತಿರ ಬಂದು ನಿಲ್ಲುತ್ತೇವೆ. ಮೆಟಾಲಿಕಾವನ್ನು ಹಾಗೆ ಕೇಳಿದೆ. ಅದು ಬ್ಲ್ಯಾಕ್ ಸಬ್ಬತ್ ಅನ್ನುವ ಇಂಗ್ಲೆಂಡಿನ ತಂಡದ ಕಡೆ ಕೈ ತೋರಿಸಿತು.

ಬ್ಲ್ಯಾಕ್ ಸಬ್ಬತ್ತಿನ ಮೊದಲ ಆಲ್ಬಂ ಬಂದದ್ದು 1970ರ ಫೆಬ್ರವರಿ 13ಕ್ಕೆ. ಹಾಡಿದ್ದು ಬಾರಿಸಿದ್ದು ಎಲ್ಲ ಸೇರಿ ರೆಕಾರ್ಡಿಂಗ್ ಒಂದೇ ದಿನದ ಕೆಲಸ. ಮೊದಲು ಮಳೆ ಸುರಿಯುತ್ತದೆ, ದೂರದಲ್ಲಿ ಗಂಟೆ ಹೊಡೆಯುತ್ತದೆ, ಆಮೇಲೆ ಗಿಟಾರ್ ಬಂದು ಎದೆ ಮೇಲೆ ಕೂರುತ್ತದೆ. ಅವತ್ತು ಅಪ್ಪಾಜಿ ಮಲಗಿರಲಿಲ್ಲ. ಕೋಣೆಗೆ ಬಂದರು. ಬೈಗುಳಕ್ಕೆ ತಯಾರಾಗಿ ಕೂತೆ. ಅವರು ಬೈಯಲಿಲ್ಲ. ಸ್ಪೀಕರ್ ಡಬ್ಬದ ಮೇಲೆ ಅಂಗೈ ಊರಿ ನಿಂತರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಿಲ್ಲಿನ ಸದ್ದು ಕಿವಿಯನ್ನು ತಿನ್ನುವಾಗ ಮೊದಲು ಸಣ್ಣ ದನಿಗಳನ್ನು ತಿನ್ನುತ್ತದೆ. ಕೊಳಲು, ಹಕ್ಕಿ, ಮಕ್ಕಳ ಪಿಸುಮಾತು ಮೊದಲು ಹೋಗುತ್ತವೆ. ದಪ್ಪ ಸದ್ದು ಉಳಿಯುತ್ತದೆ. ಅಪ್ಪಾಜಿಗೆ ಆಗಲೇ ರೇಡಿಯೋದ ಭಾವಗೀತೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆದರೆ ಮೆಷಿನ್ನಿನ ರೋಗ ಹಿಡಿಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲೆ ಇಟ್ಟು, ಹಿಡಿಯನ್ನು ಕಿವಿ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುವುದು. "ಇನ್ನು ನಾಲ್ಕು ದಿನ ಬರ್ತದೆ, ಅಷ್ಟೇ" ಅಂದರೆ ನಾಲ್ಕೇ ದಿನ.

ಅದೇ ಗತ್ತಿನಲ್ಲಿ ಬ್ಲ್ಯಾಕ್ ಸಬ್ಬತ್ತಿಗೂ ತೀರ್ಪು ಕೊಟ್ಟರು. "ಇದು ಪರವಾಗಿಲ್ಲ. ಲೋಡ್ ತಗೊಂಡು ಓಡ್ತಾ ಐತೆ. ಆವತ್ತು ಹಾಕಿದ್ಯಲ್ಲ, ಅದು ಲೋಡೇ ಇಲ್ದೆ ತಿರುಗೋದು. ಬೇರಿಂಗ್ ಹೋಗ್ತದೆ."

ಸ್ಲೇಯರ್ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಇವತ್ತಿನವರೆಗೂ ಓದಿಲ್ಲ.

ಆ ಭಾರದ ಹಿಂದಿನ ಕತೆ ನನಗೆ ಸಿಕ್ಕಿದ್ದು ಆಮೇಲೆ. ಸಬ್ಬತ್ತಿನಲ್ಲಿ ಗಿಟಾರ್ ಬಾರಿಸುವ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮಿನ ಹುಡುಗ. ಹದಿನೇಳನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸ. ಅವತ್ತು ಅಲ್ಲಿ ಅವನ ಕೊನೇ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ವಾಪಸ್ ಹೋಗಲ್ಲ ಅಂದ. ಹಿಡಿದ ಕೆಲಸ ಮುಗಿಸಿ ಬಾ ಅಂತ ತಾಯಿ ಕಳಿಸಿದರು. ಹೋದ. ತನ್ನದಲ್ಲದ ಮೆಷಿನ್ನಿಗೆ ನಿಲ್ಲಿಸಿದ್ದರು. ಬಲಗೈಯ ಎರಡು ಬೆರಳ ತುದಿ ಹೋದವು. ಅವನು ಎಡಚ, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಮನೆಯಲ್ಲಿ ಮಂಕಾಗಿ ಕೂತವನಿಗೆ ಕಾರ್ಖಾನೆಯ ಫೋರ್‌ಮನ್ ಒಂದು ರೆಕಾರ್ಡ್ ತಂದು ಕೇಳಿಸಿದ. ಬೆಂಕಿಯಲ್ಲಿ ಕೈ ಸುಟ್ಟು, ಎರಡೇ ಬೆರಳಲ್ಲಿ ಗಿಟಾರ್ ನುಡಿಸುತ್ತಿದ್ದ ಜಾಂಗೋ ರೈನ್‌ಹಾರ್ಟನ ರೆಕಾರ್ಡ್ ಅದು. ಅಯೋಮಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ಬಿಗಿ ತಂತಿ ಒತ್ತಿದರೆ ನೋವು. ಅದಕ್ಕೆ ತೆಳು ತಂತಿ ಹಾಕಿದ, ಬರಬರುತ್ತಾ ಸಡಿಲವೂ ಬಿಟ್ಟ. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಂ ಹೊತ್ತಿಗೆ ಗಿಟಾರಿನ ಶ್ರುತಿ ಮೂರು ಅರ್ಧ ಮೆಟ್ಟಿಲು ಕೆಳಗಿಳಿದಿತ್ತು. ಆಮೇಲೆ ಬಂದ ಎಷ್ಟೋ ಮೆಟಲ್ ತಂಡಗಳು, ಹತ್ತೂ ಬೆರಳು ನೆಟ್ಟಗಿದ್ದವರು ಕೂಡ, ಹೀಗೆ ತಂತಿ ಸಡಿಲ ಬಿಡುವುದನ್ನು ಕಲಿತರು.

ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಬರ್ಮಿಂಗ್‌ಹ್ಯಾಮ್ ಅಂದಿದ್ದರೆ ನನಗೆ ಇನ್ನೂ ಖುಷಿ ಆಗುತ್ತಿತ್ತು.

ಸಬ್ಬತ್ತನ್ನು "ನೀನು ಯಾರ ಮಗನಪ್ಪಾ" ಅಂತ ಕೇಳಿದರೆ ಬ್ಲೂಸ್ ಸಿಗುತ್ತದೆ. ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ, ಕಪ್ಪು ಕೂಲಿಗಳ ಬಾಯಲ್ಲಿ. ಬ್ಲೂಸಿನ ದೊಡ್ಡ ಹಾಡುಗಾರ, ಗಿಟಾರ್ ವಾದಕ ಬಿ.ಬಿ. ಕಿಂಗ್ ಕೂಡ ಹತ್ತಿ ಬಿಡಿಸಿದವನೇ. ಅಲ್ಲಿ ಬಿಡಿಸಿದ್ದೂ ಹತ್ತಿ, ನಮ್ಮಪ್ಪಾಜಿ ನೂಲು ಮಾಡಿದ್ದೂ ಹತ್ತಿ, ಸುಮ್ನೆ ಹೇಳಿದೆ. ಅವನ 'ಲೈವ್ ಅಟ್ ದ ರೀಗಲ್' 1964ರ ನವೆಂಬರಿನಲ್ಲಿ ಶಿಕಾಗೋದ ಥಿಯೇಟರಿನಲ್ಲಿ ರೆಕಾರ್ಡ್ ಆದದ್ದು. ಅದರಲ್ಲಿ ಗಿಟಾರಿಗಿಂತ ನನಗೆ ಇಷ್ಟ ಜನರ ಕೂಗಾಟ. ಅವನು ಒಂದು ಸ್ವರ ಎಳೆದರೆ ಹೆಂಗಸರು ಚೀರುತ್ತಾರೆ, ಅವನು ಅದಕ್ಕೆ ಗಿಟಾರಿನಲ್ಲೇ ಉತ್ತರ ಕೊಡುತ್ತಾನೆ. ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಬಿದ್ದಾಗ ಸತ್ತ ಪಾತ್ರ ಎದ್ದು ಇನ್ನೊಂದು ಸಲ ಹಾಡಿ ಸಾಯುತ್ತಿದ್ದದ್ದನ್ನು ನೋಡಿದವರಿಗೆ ಈ ಆಲ್ಬಂ ಅರ್ಥ ಮಾಡಿಸಬೇಕಾಗಿಲ್ಲ.

ಇನ್ನೂ ಹಿಂದೆ ಹೋದರೆ ರಾಬರ್ಟ್ ಜಾನ್ಸನ್. 1936 ಮತ್ತು 37ರಲ್ಲಿ ಟೆಕ್ಸಾಸಿನಲ್ಲಿ 29 ಹಾಡು ರೆಕಾರ್ಡ್ ಮಾಡಿಸಿ, 1938ರಲ್ಲಿ ತೀರಿಕೊಂಡ. ವಯಸ್ಸು 27. ಇವನೇ ಮೂಲೆಯಲ್ಲಿ ಕೂತ ತಾತ, ವಯಸ್ಸಿನಲ್ಲಿ ಮೊಮ್ಮಗನಷ್ಟೇ ಇದ್ದರೂ. ಅವನ ಹಾಡಿನ ಒಂದೊಂದು ನುಡಿಗೂ ಹೆಚ್ಚಾಗಿ ಮೂರು ಸಾಲು. ಮೊದಲ ಸಾಲನ್ನೇ ಎರಡನೇ ಸಲ ಹೇಳುತ್ತಾನೆ, ಮೂರನೆಯದರಲ್ಲಿ ಗಂಟು ಬಿಚ್ಚುತ್ತಾನೆ. ಇದನ್ನು ಹೆಡ್‌ಫೋನಿನಲ್ಲಿ ಕೇಳುತ್ತಿದ್ದಾಗ ನನಗೆ ನೆನಪಾದದ್ದು ಅಜ್ಜಿ. ಜಗಳೂರು ಕಡೆಯ ಊರಿನಲ್ಲಿ ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂತು ಜೋಳ ಬೀಸುತ್ತಾ ಹಾಡುತ್ತಿದ್ದಳಲ್ಲ, ಆ ಪದಗಳೂ ತ್ರಿಪದಿಯೇ, ಮೂರೇ ಸಾಲು. ಒಂದೇ ಸಾಲನ್ನು ಕಲ್ಲು ಸುತ್ತಿದಂತೆ ಸುತ್ತಿ ಸುತ್ತಿ ಹೇಳುವಳು. ತವರಿನ ಕೊರಗು, ಅತ್ತೆಯ ಕಾಟ, ಗಂಡನ ಮುನಿಸು. ಇದು ಬ್ಲೂಸ್ ಅಲ್ಲದೆ ಮತ್ತೇನು?

ದಶಕಗಳ ಬಗ್ಗೆ ನನ್ನ ಗೆಳೆಯನೊಬ್ಬನದು ಕಟ್ಟುನಿಟ್ಟು. 1990 ಆದ ಮೇಲೆ ಬಂದದ್ದೆಲ್ಲ ಕಸ ಅನ್ನುತ್ತಾನೆ. ರಾತ್ರಿ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಈ ಜಗಳ ಎಷ್ಟು ಸಲ ಆಗಿದೆಯೋ. ಎಂಬತ್ತರ ಎಷ್ಟೋ ಆಲ್ಬಂಗಳಲ್ಲಿ ಡ್ರಮ್ಮು ಬಚ್ಚಲುಮನೆಯಲ್ಲಿ ಹೊಡೆದಂತೆ ಕೇಳಿಸುವುದನ್ನು ಅವನು ಮಾತ್ರ ಒಪ್ಪುವುದಿಲ್ಲ. ನನಗೆ ಅಂಥ ಮಡಿ ಇಲ್ಲ. ಮಿಸ್ಸಿಸಿಪ್ಪಿಯಿಂದ 2019ರಲ್ಲಿ ಕಿಂಗ್‌ಫಿಶ್ ಅನ್ನುವ ಹುಡುಗನ ಮೊದಲ ಆಲ್ಬಂ ಬಂತು (ಹೆಸರು ಕೇಳಿ ನೀವು ಅಂದುಕೊಂಡದ್ದಲ್ಲ). ಆಗ ಅವನಿಗೆ ಇಪ್ಪತ್ತು. ಗಿಟಾರ್ ಮಾತ್ರ ಬಿ.ಬಿ. ಕಿಂಗನ ಜೊತೆ ಹತ್ತಿ ಬಿಡಿಸಿದವನ ಹಾಗೆ ನುಡಿಯುತ್ತದೆ. ಅಂದಮೇಲೆ 1990ಕ್ಕೆ ಬಾಗಿಲು ಹಾಕುವುದು ಹೇಗೆ?

ಹಾಗಂತ ಬಂದದ್ದೆಲ್ಲ ಚಿನ್ನವೂ ಅಲ್ಲ. 2003ರಲ್ಲಿ ಮೆಟಾಲಿಕಾದ 'ಸೇಂಟ್ ಆಂಗರ್' ಬಂದಾಗ ಆಸೆಯಿಂದ ಸಿಡಿ ತಂದು ಹಾಕಿದೆ. ಅಪ್ಪಾಜಿ ಪೇಪರಿನಿಂದ ತಲೆ ಎತ್ತಲಿಲ್ಲ. "ಏನೋ ಸಡಿಲ ಆಗೈತೆ ನೋಡು. ಕೊಡಪಾನ ಬಡಿದಂಗೆ ಬರ್ತಾ ಐತೆ." ನಿಜ. ಸ್ನೇರ್ ಡ್ರಮ್ಮಿನ ಅಡಿಯಲ್ಲಿ ತಂತಿಗಳ ಪಟ್ಟಿ ಇರುತ್ತದೆ, ಛರ್ ಅನ್ನುವ ಸದ್ದು ಕೊಡುವುದು ಅದೇ. ಡ್ರಮ್ಮರ್ ಅದನ್ನು ಸಡಿಲ ಬಿಟ್ಟೇ ಇಡೀ ಆಲ್ಬಂ ಬಾರಿಸಿದ್ದ. ಜಗತ್ತಿನ ಅಭಿಮಾನಿಗಳೆಲ್ಲ ಬೈದದ್ದನ್ನು ಅಪ್ಪಾಜಿ ಒಂದು ನಿಮಿಷದಲ್ಲಿ ಹಿಡಿದಿದ್ದರು.

ಅಷ್ಟು ಹೊತ್ತಿಗೆ ಅವರ ಮಿಲ್ಲು ಮುಚ್ಚಿ ವರ್ಷಗಳಾಗಿದ್ದವು. ಊರಿನಲ್ಲಿ ಒಂದೊಂದೇ ಸೈರನ್ ನಿಂತವು. ಬರಬೇಕಾದ ದುಡ್ಡಿಗೆ ಅಲೆದದ್ದೇ ಅಲೆದದ್ದು. ಆ ದಿನಗಳಲ್ಲಿ ಮನೆ ವಿಪರೀತ ಸುಮ್ಮನಿರುತ್ತಿತ್ತು. ಒಂದು ಮಧ್ಯಾಹ್ನ ಅವರೇ ಬಂದು ಬಾಗಿಲಲ್ಲಿ ನಿಂತು "ಆ ಲೋಡಿಂದು ಹಾಕು" ಅಂದಿದ್ದರು. ಹಾಕಿದೆ. ಸ್ಪೀಕರ್ ಪಕ್ಕ ಚಾಪೆ ಹಾಸಿಕೊಂಡು ಮಲಗಿದರು. ಮಳೆ, ಗಂಟೆ ಮುಗಿಯುವುದರೊಳಗೆ ಗೊರಕೆ.

2025ರ ಜುಲೈ 5ಕ್ಕೆ ಸಬ್ಬತ್ತಿನ ನಾಲ್ವರೂ ಬರ್ಮಿಂಗ್‌ಹ್ಯಾಮಿನಲ್ಲಿ ಕೊನೆಯ ಸಲ ಒಟ್ಟಿಗೆ ಬಾರಿಸಿದರು. ಒಂದು ಕಾಲಕ್ಕೆ ಅದೇ ಊರಿನ ಕಾರ್ಖಾನೆಯಲ್ಲಿ ಕಾರಿನ ಹಾರ್ನ್ ಶ್ರುತಿ ಮಾಡುತ್ತಿದ್ದ ಓಜಿ ಆಸ್ಬರ್ನ್ ಕುರ್ಚಿಯಲ್ಲಿ ಕೂತೇ ಹಾಡಿದ. ಹದಿನೇಳು ದಿನಕ್ಕೆ ತೀರಿಕೊಂಡ. ಸುದ್ದಿ ಬಂದ ದಿನ ಆ ವಿಡಿಯೋವನ್ನು ಅಪ್ಪಾಜಿಗೆ ತೋರಿಸಿದೆ. ಈಗ ಅವರಿಗೆ ಎಂಬತ್ತೊಂದು. ಕಿವಿಗೆ ಮೆಷಿನ್ ಇದೆ, ಹಾಕಿಕೊಳ್ಳುವುದಿಲ್ಲ.

"ಬೆರಳು ಹೋದವನು ಯಾರು ಅಂದೆ?"

ತೋರಿಸಿದೆ. ಫೋನನ್ನು ಕಿತ್ತುಕೊಂಡು ಹತ್ತಿರ ಹಿಡಿದು, ಆ ಕೈಯನ್ನೇ ಬಹಳ ಹೊತ್ತು ನೋಡಿದರು.

"ಕಂಪನಿಯವರು ಪರಿಹಾರ ಕೊಟ್ಟರಂತಾ?"