ಮೊದಲ ವಾರದ ಕಥೆಯೇ ಬೇರೆ
ಮೂಗಿನ ಪಾಲಿಪ್ (ಒಳಗೆ ಬೆಳೆಯುವ ಮೆತ್ತನೆಯ ಗಂಟು) ತೆಗೆಸಿದರೆ ಉಸಿರಾಟ ಸಲೀಸು ಎಂದು ಬರೆದಿದ್ದೀರಿ. ನಿಜ, ಆದರೆ ತಕ್ಷಣ ಅಲ್ಲ. ನನಗೂ ಈ ಆಪರೇಷನ್ ಆಗಿದೆ. ಎಂಡೋಸ್ಕೋಪ್ (ಒಳಗೆ ನೋಡುವ ಸಣ್ಣ ಕೊಳವೆ) ಹೊಳ್ಳೆಯೊಳಗಿಂದಲೇ ಹೋಗುವುದರಿಂದ ಮುಖದ ಮೇಲೆ ಗಾಯವಿಲ್ಲ. ನೋವೂ ಅಂದುಕೊಂಡಷ್ಟು ಇರಲಿಲ್ಲ. ಜಾಸ್ತಿ ಕಾಡಿದ್ದು ಮೂಗು ಕಟ್ಟಿದ್ದು! ಒಳಗೆ ಊತ, ಹೆಪ್ಪುಗಟ್ಟಿದ ರಕ್ತ. ಸುಮಾರು 10 ದಿನ ಬಾಯಲ್ಲೇ ಉಸಿರಾಡಿದೆ. ಮೂಗು ಸೀಟುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಉಪ್ಪುನೀರಿನಿಂದ ಮೂಗು ತೊಳೆಯುವುದು ಮೊದಮೊದಲು ಹಿಂಸೆ, ಆಮೇಲೆ ಅದೇ ಹಿತ. (ನೀರು ಕುದಿಸಿ ಆರಿಸಿದ್ದೇ ಆಗಬೇಕು, ನಲ್ಲಿಯಿಂದ ಹಿಡಿದದ್ದು ಬೇಡ.) ವಾಸನೆ ನಿಧಾನವಾಗಿ ಮರಳಿತು, ಎಲ್ಲರಿಗೂ ಪೂರ್ತಿ ಮರಳುವುದಿಲ್ಲವಂತೆ. ಇನ್ನೊಂದು, ಆಪರೇಷನ್ ಆದರೂ ಪಾಲಿಪ್ ಮತ್ತೆ ಬೆಳೆಯಬಹುದು. ಅದಕ್ಕೇ ಸ್ಟಿರಾಯ್ಡ್ ಸ್ಪ್ರೇ ಮುಂದುವರಿಸಲು ಹೇಳುತ್ತಾರೆ. ನಾನು ಮೂಗು ಸರಿಹೋಯಿತಲ್ಲ ಅಂತ ಸುಮ್ನೆ ಬಿಟ್ಟು, ಡಾಕ್ಟರ ಹತ್ತಿರ ಬೈಸಿಕೊಂಡೆ.