ಮೊದಲು ಕೈಗೆ ಹೊಂದಬೇಕು
ಆತ್ಮರಕ್ಷಣೆಗೆ ಪಾಯಿಂಟ್ 45 ಕ್ಯಾಲಿಬರ್ (ಗುಂಡಿನ ದಪ್ಪ, ಇಂಚಿನಲ್ಲಿ) ಪಿಸ್ತೂಲೇ ಬೇಕು ಎಂದು ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಹೊಸಬರಿಗೆ ಅದಕ್ಕಿಂತ ಸಣ್ಣ ಗುಂಡಿನ 9 ಎಂಎಂ ಪಿಸ್ತೂಲು ಸಾಕು. ಗುಂಡು ಹಾರಿಸಿದಾಗ ಅದು ಕೈಗೆ ಹಿಂದಕ್ಕೆ ಕೊಡುವ ಒದೆತ ಕಡಿಮೆ, ಗುಂಡೂ ಅಗ್ಗ. ಹಾಗಾಗಿ ಅಭ್ಯಾಸ ಜಾಸ್ತಿ ಮಾಡಬಹುದು. ಹಗುರವಾಗಿದೆ ಅಂತ ಸುಮ್ನೆ ಪುಟ್ಟ ಪಿಸ್ತೂಲು ಕೊಳ್ಳಬೇಡಿ. ಅದೇ ಗುಂಡಿಗೆ ಹಗುರವಾದದ್ದೇ ಜೋರಾಗಿ ಒದೆಯುತ್ತದೆ. ಹಿಡಿ ಅಂಗೈ ತುಂಬಬೇಕು, ಬೆರಳು ಸಲೀಸಾಗಿ ಟ್ರಿಗರ್ ಮುಟ್ಟಬೇಕು. ಕೈಬಲ ಕಡಿಮೆ ಇರುವವರಿಗೆ ಪಿಸ್ತೂಲಿನ ಸ್ಲೈಡ್ (ಗುಂಡು ಏರಿಸಲು ಹಿಂದಕ್ಕೆ ಎಳೆಯುವ ಮೇಲ್ಭಾಗ) ಎಳೆಯುವುದೇ ಕಷ್ಟ, ಅಲ್ವಾ? ಅವರಿಗೆ ಸ್ಲೈಡೇ ಇಲ್ಲದ ರಿವಾಲ್ವರ್ ಸುಲಭ ಅನ್ನುತ್ತಾರೆ. ಆದರೆ ಡಬಲ್ ಆ್ಯಕ್ಷನ್ (ಟ್ರಿಗರ್ ಎಳೆದರೆ ಸುತ್ತಿಗೆ ಹಿಂದೆ ಸರಿದು ಗುಂಡೂ ಹಾರುವ) ರಿವಾಲ್ವರಿನ ಟ್ರಿಗರ್ ಸಾಕಷ್ಟು ಬಿಗಿ. ಶೂಟಿಂಗ್ ರೇಂಜಿನಲ್ಲಿ ಎರಡನ್ನೂ ಹಾರಿಸಿ ನೋಡಿಯೇ ಕೊಳ್ಳಲಿ. ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಪೆಟ್ಟಿಗೆಯೂ ಅದೇ ದಿನ ಬರಬೇಕು. ಲೇಖನದಲ್ಲಿ ಆ ಮಾತೇ ಇಲ್ಲದ್ದು ನನಗೆ ಬೇಸರವಾಯಿತು.